ಇನ್ನೂರು ಕುದುರೆ ಬೇಡ, ಪಿಕಪ್ ಕೊಡಿ ಸ್ವಾಮಿ

ಬೈಕ್ ಹುಚ್ಚಿರುವ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. ಹೊಸದಾಗಿ ಒಂದು ದೊಡ್ಡ ಪವರ್ ಕ್ರೂಸರ್ ಮಾಡೋದಾದ್ರೆ ಅದು ಹೇಗಿರಬೇಕು? ಕೊಳ್ಳುವ ಶಕ್ತಿ ನಾಲ್ವರಲ್ಲಿ ಒಬ್ಬರಿಗೂ ಇರೋದಿಲ್ಲ, ಆ ಮಾತು ಬೇರೆ :-)

ಕೇಳಿದ ತಕ್ಷಣ ಎಲ್ಲರೂ ಹೇಳೋದು ಒಂದೇ... "ಇನ್ನೂ ದೊಡ್ಡ ಇಂಜಿನ್, ಇನ್ನೂ ಜಾಸ್ತಿ ಹಾರ್ಸ್ ಪವರ್." ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಈ ಕಥೆ ಹೊಸದಲ್ಲ. ಕಸ್ಟಮರ್ ಕೇಳೋದು ಒಂದು, ಅವನಿಗೆ ಬೇಕಾಗಿರೋದು ಇನ್ನೊಂದು.

ಮೊದಲು ಪವರ್ ಕ್ರೂಸರ್ ಅಂದರೇನು ಅಂತ ಹೇಳಿಬಿಡ್ತೀನಿ. ತಗ್ಗಿನ ಸೀಟು, ಉದ್ದನೆಯ ಮೈ, ಆರಾಮಾಗಿ ಕೂರುವ ಭಂಗಿ, ಇದು ಸಾದಾ ಕ್ರೂಸರ್. ಅದೇ ಮೈಯೊಳಗೆ ರೇಸ್ ಬೈಕಿನ ಬಲ ತುಂಬಿದರೆ ಪವರ್ ಕ್ರೂಸರ್. ಈ ಜಾತಿಯ ಮೂಲಪುರುಷ 1985ರ ಯಮಹಾ ವಿ-ಮ್ಯಾಕ್ಸ್. 1198 ಸಿಸಿ, ವಿ ಆಕಾರದಲ್ಲಿ ನಾಲ್ಕು ಸಿಲಿಂಡರ್, ಸುಮಾರು 145 ಹಾರ್ಸ್ ಪವರ್. ಆ ಕಾಲಕ್ಕೆ ಅದು ಹುಚ್ಚು ಸಂಖ್ಯೆ. ಇಂಜಿನ್ನಿಗೆ ಹೋಲಿಸಿದರೆ ಫ್ರೇಮು, ಮುಂದಿನ ಫೋರ್ಕು ಬಡಪಾಯಿಗಳು. ಜೋರಾಗಿ ತಿರುವು ತಗೊಂಡರೆ ಗಾಡಿ ಓಲಾಡುತ್ತಿತ್ತು. ಆದರೂ ಹೆಚ್ಚೇನೂ ಬದಲಾಗದೆ ಇಪ್ಪತ್ತು ವರ್ಷಕ್ಕೂ ಮೇಲೆ ಮಾರಾಟವಾಯಿತು.

2009ರಲ್ಲಿ ಹೊಸ ವಿ-ಮ್ಯಾಕ್ಸ್ ಬಂತು. 1679 ಸಿಸಿ, ಸುಮಾರು 200 ಹಾರ್ಸ್ ಪವರ್. ಫ್ರೇಮೂ ಗಟ್ಟಿಯಾಯಿತು. ಎಲ್ಲರೂ ಬಾಯಿಬಿಟ್ಟು ಕೇಳಿದ್ದೆಲ್ಲ ಅದರಲ್ಲಿತ್ತು. ಆದರೆ ತೂಕ 310 ಕೆಜಿ, ಪೆಟ್ರೋಲ್ ಟ್ಯಾಂಕ್ ಬರೀ 15 ಲೀಟರ್! ಲೀಟರಿಗೆ 14 ಕಿ.ಮೀ. ಅಂತ ಲೆಕ್ಕ ಹಾಕಿದರೂ 210 ಕಿ.ಮೀ.ಗೆ ಟ್ಯಾಂಕ್ ಖಾಲಿ. ಬೆಂಗಳೂರಲ್ಲಿ ಫುಲ್ ಮಾಡಿಸಿ ಮಂಗಳೂರಿಗೆ ಹೊರಟರೆ ಹಾಸನದಲ್ಲೇ ಬಂಕ್ ಹುಡುಕಬೇಕು. ಕ್ರೂಸರ್ ಅನ್ನೋ ಹೆಸರಿಗೇ ಅವಮಾನ ಅಲ್ವಾ? 2020ರಲ್ಲಿ ಅದರ ತಯಾರಿಕೆಯೂ ನಿಂತುಹೋಯಿತು.

ಹಾಗಾದರೆ ಸವಾರನಿಗೆ ನಿಜವಾಗಿ ಬೇಕಾದದ್ದೇನು? ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದಕ್ಕೊಂದು ಚೆಂದದ ಪದ ಇದೆ: ಪಿಕಪ್. ಅದರ ಹಿಂದಿರೋದು ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ. ಬಿಗಿಯಾದ ನಟ್ಟಿಗೆ ಉದ್ದನೆಯ ಸ್ಪಾನರ್ ಹಾಕಿದರೆ ಸಲೀಸಾಗಿ ತಿರುಗುತ್ತಲ್ಲ, ಅದು ಟಾರ್ಕ್. ಆ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸ್ತೀರಿ ಅನ್ನೋದನ್ನೂ ಸೇರಿಸಿದರೆ ಹಾರ್ಸ್ ಪವರ್.

ಎರಡು ಗಾಡಿ ಪಕ್ಕಪಕ್ಕ ಇಟ್ಟು ನೋಡೋಣ. 2019ರಲ್ಲಿ ಬಂದ ಟ್ರಯಂಫ್ ರಾಕೆಟ್ 3, ಇಂಜಿನ್ 2458 ಸಿಸಿ, 167 ಹಾರ್ಸ್ ಪವರ್. 2023ರ ಡುಕಾಟಿ ಡಿಯಾವೆಲ್ ವಿ4, ಇಂಜಿನ್ 1158 ಸಿಸಿ, 168 ಹಾರ್ಸ್ ಪವರ್. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ರಾಕೆಟ್‌ನ ಗರಿಷ್ಠ ಟಾರ್ಕ್ 221 ನ್ಯೂಟನ್ ಮೀಟರ್, ಅದೂ 4000 ಆರ್‌ಪಿಎಂನಲ್ಲೇ ಸಿಗುತ್ತೆ. ಡಿಯಾವೆಲ್‌ದು 126, ಅದಕ್ಕೆ 7500ರ ತನಕ ಏರಬೇಕು. ನಮ್ಮ ಬುಲೆಟ್ 350ದು 27. ಬುಲೆಟ್ಟಿನ ಹಾರ್ಸ್ ಪವರ್ ಇಪ್ಪತ್ತರ ಆಸುಪಾಸು ಅಷ್ಟೇ, ಆದರೂ ಜನ ಅದಕ್ಕೆ ಮರುಳಾಗೋದು ಯಾಕೆ ಹೇಳಿ? ಕಡಿಮೆ ಸುತ್ತಿನಲ್ಲೇ ಮೈತುಂಬ ಎಳೆಯುತ್ತೆ, ಅದಕ್ಕೆ.

ಇದು ಬರೀ ಶೋಕಿಯ ಮಾತಲ್ಲ. ಎರಡೇ ಲೇನಿನ ರಸ್ತೆಯಲ್ಲಿ ಎಂಬತ್ತರ ಸ್ಪೀಡಲ್ಲಿ ಟಾಪ್ ಗೇರಿನಲ್ಲಿ ಹೋಗ್ತಿದೀರಿ. ಮುಂದೆ ಬಸ್ಸು, ಎದುರಿಗೆ ದೂರದಲ್ಲಿ ಲಾರಿಯ ಹೆಡ್‌ಲೈಟು. ಎರಡು ಗೇರ್ ಇಳಿಸಿ, ಇಂಜಿನ್ ಏರುವವರೆಗೆ ಕಾಯೋದಕ್ಕೂ, ಆಕ್ಸಿಲರೇಟರ್ ತಿರುಗಿಸಿದ ಕ್ಷಣವೇ ಗಾಡಿ ನುಗ್ಗೋದಕ್ಕೂ ಇರುವ ವ್ಯತ್ಯಾಸ ಒಂದೆರಡು ಸೆಕೆಂಡು. ಜೀವ ಉಳಿಯೋದು ಆ ಎರಡು ಸೆಕೆಂಡಿನಲ್ಲಿ. 200 ಹಾರ್ಸ್ ಪವರ್ ಪೂರ್ತಿ ಬಳಸೋಕೆ ರೇಸ್ ಟ್ರ್ಯಾಕ್ ಬೇಕು, ಟಾರ್ಕ್ ದಿನಾ ಉಪಯೋಗಕ್ಕೆ ಬರುತ್ತೆ.

ಅದಕ್ಕೆ ನನ್ನ ಪಟ್ಟಿ ಇಷ್ಟು. ಒಂದು, 3000ದಿಂದ 6000 ಆರ್‌ಪಿಎಂ ನಡುವೆ ಎಲ್ಲಿ ತಿರುಗಿಸಿದರೂ ಎಳೆಯುವ ಇಂಜಿನ್. ಎರಡು, ಆ ವೇಗವನ್ನು ತಡೆದು ನಿಲ್ಲಿಸುವ ಬ್ರೇಕು, ತಿರುವಿನಲ್ಲಿ ಅಲುಗಾಡದ ಫ್ರೇಮು. ಮೂರು, ಕನಿಷ್ಠ 300 ಕಿ.ಮೀ. ಓಡಿಸುವ ಟ್ಯಾಂಕು. ಹಾರ್ಲೆಯವರ ವಿ-ರಾಡ್ 2001ರಲ್ಲಿ ಬಂದಾಗ ಅದರ ಟ್ಯಾಂಕು ಸುಮಾರು 14 ಲೀಟರ್. ಮುಂದೆ ಅದನ್ನು ಸುಮಾರು 19 ಲೀಟರಿಗೆ ಏರಿಸಬೇಕಾಯಿತು. ನಾಲ್ಕು, ತೂಕ. ಇಳಿಜಾರಿನ ಪಾರ್ಕಿಂಗಿನಿಂದ ಮುನ್ನೂರು ಕೆಜಿಯನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿ ನೋಡಿ, ಎಷ್ಟು ಹಾರ್ಸ್ ಪವರ್ ಇದ್ದರೂ ಅಲ್ಲಿ ಕೆಲಸಕ್ಕೆ ಬರೋದಿಲ್ಲ. ಟ್ರಯಂಫ್‌ನವರು 2019ರಲ್ಲಿ ಇಂಜಿನ್ ದೊಡ್ಡದು ಮಾಡಿಯೂ ಹಿಂದಿನ ರಾಕೆಟ್‌ಗಿಂತ ಸುಮಾರು 40 ಕೆಜಿ ಇಳಿಸಿದರು. ಅಂದರೆ ಮನಸ್ಸು ಮಾಡಿದರೆ ಆಗುತ್ತೆ.

ಸದ್ದು? ಬೇಕು ಸ್ವಾಮಿ, ಖಂಡಿತ ಬೇಕು. ಆದರೆ ಗುಡುಗಿನ ಹಾಗಿರಲಿ, ಪಕ್ಕದ ಮನೆ ಮಗು ಬೆಚ್ಚಿಬೀಳುವ ಪಟಾಕಿಯ ಹಾಗೆ ಬೇಡ.

ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚು ಹಾಕಲು ಹಾರ್ಸ್ ಪವರ್ ಚೆನ್ನಾಗಿ ಕಾಣುತ್ತೆ, ಒಪ್ಪಿದೆ. ಮುಂದಿನ ದೊಡ್ಡ ಕ್ರೂಸರ್ ಮಾಡುವವರು ಆ ಸಂಖ್ಯೆಯ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿರುವ ಟಾರ್ಕ್, ತೂಕ, ಟ್ಯಾಂಕು ಮೂರನ್ನೂ ಸರಿಮಾಡಿದರೆ ಸಾಕು. ನಿಮ್ಮ ಪಟ್ಟಿಯಲ್ಲಿ ಏನೇನಿದೆ?