ಗೋಲಗುಮ್ಮಟಕ್ಕೆ ಕಿಸೆಯಲ್ಲೊಬ್ಬ ಗೈಡ್

ವಿಜಯಪುರದಲ್ಲಿ ರೈಲು ಇಳಿದವರು ಗೋಲಗುಮ್ಮಟ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ತಲೆ ಎತ್ತಿದರೆ ಸಾಕು, ಕಾಣುತ್ತದೆ. 2014ರವರೆಗೆ ಬಿಜಾಪುರ ಎನಿಸಿಕೊಂಡಿದ್ದ ಈ ಊರು ಆದಿಲ್‌ಶಾಹಿ ಅರಸರ ರಾಜಧಾನಿಯಾಗಿತ್ತು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹ ತನಗಾಗಿ ಕಟ್ಟಿಸಿಕೊಂಡ ಸಮಾಧಿಯೇ ಗೋಲಗುಮ್ಮಟ.

ಹಿಂದೆ ಇಲ್ಲಿಗೆ ಬರುವ ಕುಟುಂಬಕ್ಕೆ ಸ್ಥಳೀಯ ಗೈಡ್ ಅಥವಾ ಒಂದು ತೆಳು ಪುಸ್ತಕವೇ ಆಧಾರ. ಈಗ ಕೃತಕ ಬುದ್ಧಿಮತ್ತೆಯ, ಅಂದರೆ ಎಐ ಗೈಡ್ ಮೊಬೈಲ್‌ನಲ್ಲೇ ಬಂದು ಕುಳಿತಿದೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತದೆ. ಹತ್ತು ಸಲ ಕೇಳಿದರೂ ಬೇಸರಪಡುವುದಿಲ್ಲ. ದೊಡ್ಡವರ ಎದುರು ಬಾಯಿ ಬಿಡಲು ನಾಚುವ ಮಗುವೂ ಇದರೊಡನೆ ಧೈರ್ಯವಾಗಿ ಮಾತಾಡುತ್ತದೆ. ತೊಡಕು ಒಂದೇ. ಸರಿ ಉತ್ತರವನ್ನೂ ತಪ್ಪು ಉತ್ತರವನ್ನೂ ಅದು ಒಂದೇ ದನಿಯಲ್ಲಿ ಹೇಳಿಬಿಡುತ್ತದೆ. ಹೇಳಿದ್ದನ್ನು ಪರೀಕ್ಷಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕಾದವರು ಪಾಲಕರು. ಆ ಪಾಠಕ್ಕೆ ಗೋಲಗುಮ್ಮಟಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿನ ಬಹಳಷ್ಟು ಸಂಗತಿಗಳನ್ನು ಕಣ್ಣು, ಕಿವಿ ಮತ್ತು ಸರಳ ಗಣಿತದಿಂದ ಸ್ಥಳದಲ್ಲೇ ತಾಳೆ ನೋಡಬಹುದು.

ಮೊದಲು ಗಾತ್ರದ ಮಾತು. 'ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ' ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಎಐ ಕೂಡ ಹಾಗೆಯೇ ಹೇಳಿದರೆ, ಅಳತೆಗಳನ್ನು ಕೊಡು ಎಂದು ಕೇಳಬೇಕು. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ರೋಮ್‌ನ ಪ್ಯಾಂಥಿಯನ್ ಸುಮಾರು 43 ಮೀಟರ್. ಅಲ್ಲಿಯೇ ಇರುವ ಸೇಂಟ್ ಪೀಟರ್ ಚರ್ಚಿನ ಗುಮ್ಮಟ ಸುಮಾರು 42 ಮೀಟರ್. ಹಳೆಯ ಕಟ್ಟಡಗಳ ಪೈಕಿಯೇ ಎರಡು ಮುಂದಿವೆ ಎಂದಮೇಲೆ ಎರಡನೆಯ ಸ್ಥಾನ ಉಳಿಯುವುದಿಲ್ಲ.

ಇದರಿಂದ ಮಕ್ಕಳು ನಿರಾಶರಾಗಬೇಕಿಲ್ಲ. ಪ್ಯಾಂಥಿಯನ್‌ನ ನೆಲ ವೃತ್ತಾಕಾರ, ಗೋಲಗುಮ್ಮಟದ್ದು ಚೌಕ. ಚೌಕದ ಪ್ರತಿ ಬದಿ ಒಳಗೆ ಸುಮಾರು 41 ಮೀಟರ್. ಕ್ಷೇತ್ರಫಲ ಲೆಕ್ಕ ಹಾಕಿದರೆ ಪ್ಯಾಂಥಿಯನ್‌ಗೆ 1,470 ಚದರ ಮೀಟರ್‌ನಷ್ಟು, ಗೋಲಗುಮ್ಮಟಕ್ಕೆ 1,680ರಷ್ಟು ಬರುತ್ತದೆ. ನಡುವೆ ಒಂದು ಕಂಬವೂ ಇಲ್ಲದೆ ಇಷ್ಟು ಜಾಗವನ್ನು ಒಂದೇ ಗುಮ್ಮಟದ ಕೆಳಗೆ ತಂದದ್ದೇ ಇದರ ನಿಜವಾದ ಹಿರಿಮೆ. ಏಳನೆಯ ತರಗತಿಯ ಹುಡುಗಿಯೂ ನೋಟ್‌ಬುಕ್ಕಿನಲ್ಲಿ ಮಾಡಬಹುದಾದ ಲೆಕ್ಕ ಇದು.

ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟ ನಿಂತದ್ದು ಹೇಗೆ? ಈ ಪ್ರಶ್ನೆಗೆ ಎಐ ಗೈಡ್ ಚಿತ್ರ ಬರೆದು ಉತ್ತರಿಸಬಲ್ಲದು. ಆದರೆ ಮಕ್ಕಳೇ ಬರೆದು ನೋಡಿದರೆ ಇನ್ನೂ ಚೆನ್ನ. ಒಂದು ಚೌಕದ ಮೇಲೆ ಓರೆಯಾಗಿ ತಿರುಗಿಸಿದ ಇನ್ನೊಂದು ಚೌಕ ಬರೆದರೆ ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ನಡುವೆ ಅಷ್ಟಕೋನ, ಅದರೊಳಗೆ ವೃತ್ತ. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳನ್ನು ಹೀಗೆಯೇ ಹೆಣೆದಿದ್ದಾರೆ. ಗುಮ್ಮಟದ ಭಾರ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಬಾಗಿದ ಕಮಾನುಗಳ ಭಾರ ಅದನ್ನು ತಡೆಯುತ್ತದೆ. ನೆಲದ ನಡುವೆ ನಿಂತು ಕತ್ತೆತ್ತಿದರೆ ಪುಸ್ತಕದ ನಕ್ಷತ್ರ ತಲೆಯ ಮೇಲೆ ಕಾಣುತ್ತದೆ.

ದಕ್ಷಿಣದ ಬಾಗಿಲ ಮೇಲೆ ಪಾರ್ಸಿ ಬರಹದ ಮೂರು ತುಣುಕುಗಳಿವೆ. ಅಕ್ಷರಕ್ಕೊಂದು ಅಂಕೆ ಕೊಟ್ಟು ಕೂಡಿಸಿದರೆ ಮೂರರ ಮೊತ್ತವೂ 1067. ಅದು ಅರಸ ತೀರಿಕೊಂಡ ಹಿಜರಿ ವರ್ಷ, ಅಂದರೆ ಕ್ರಿ.ಶ. 1656. ಮುಹಮ್ಮದ್ ಎಂಬ ಹೆಸರಿನ ನಾಲ್ಕು ಅರಬ್ಬಿ ಅಕ್ಷರಗಳಿಗೆ 40, 8, 40, 4, ಕೂಡಿದರೆ 92. ನಮ್ಮ ಕಟಪಯಾದಿ ಪದ್ಧತಿಯೂ ಇಂಥದ್ದೇ. ಮೇಳಕರ್ತ ರಾಗದ ಹೆಸರಿನಿಂದ ಅದರ ಸಂಖ್ಯೆ ತಿಳಿಯುವುದು ಅದೇ ಸೂತ್ರದಿಂದ. ಫೋಟೋ ತೆಗೆದು ತೋರಿಸಿದರೆ ಎಐ ಬರಹವನ್ನು ಓದಲು ಯತ್ನಿಸುತ್ತದೆ. ಹೆಣೆದುಕೊಂಡ ಅಕ್ಷರಗಳಲ್ಲಿ ಎಡವುವುದೂ ಉಂಟು. ಸರಿಯಾಗಿ ಓದಿದೆಯೇ ಎಂದು ತಿಳಿಯಲು 1067ರ ಮೊತ್ತವೇ ಒರೆಗಲ್ಲು.

ಒಳಗಿನ ಕಟ್ಟೆಯ ಮೇಲೆ ಕಾಣುವವು ಗೋರಿಗಳ ಪ್ರತಿರೂಪಗಳು. ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ. ಅವುಗಳಲ್ಲೊಂದು ನರ್ತಕಿ ರಂಭಾಳದು ಎನ್ನುತ್ತಾರೆ. ಪ್ರೀತಿಯನ್ನು ಸಾಬೀತುಪಡಿಸಲು ಆಕೆ ಮೇಲಿನಿಂದ ಹಾರಿದಳೆಂಬ ಕಥೆಯೂ ಇದೆ. ಕಥೆ ಕೇಳಲಿ, ಬೇಡವೆನ್ನುವವರಾರು? ಆದರೆ 'ಇದಕ್ಕೆ ಆಧಾರವೇನು?' ಎಂದು ಒಮ್ಮೆ ಕೇಳಿಸಬೇಕು. ಶಾಸನ ಯಾವುದು, ದಂತಕಥೆ ಯಾವುದು ಎಂಬ ಭೇದ ಆಗ ಮನಸ್ಸಿಗೆ ಇಳಿಯುತ್ತದೆ.

ಇನ್ನು ಮೇಲಿನ ಪಿಸುಗುಟ್ಟುವ ಗ್ಯಾಲರಿ. ಏಳು ಅಂತಸ್ತಿನ ಮೂಲೆ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಕೇಳಿಸುತ್ತದೆ, ಕಾಗದದ ಸರಸರ ಕೂಡ. ಒಂದು ಚಪ್ಪಾಳೆ ಹಲವು ಬಾರಿ ಮರುಕಳಿಸುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 38 ಮೀಟರ್ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೇಕು. ಮರುದನಿ ಬೇರೆಯಾಗಿ ಕೇಳಿಸಲು ಹತ್ತನೆಯ ಒಂದು ಪಾಲು ಸಾಕು.

ಆದರೆ ರಜಾದಿನಗಳಲ್ಲಿ ಇಲ್ಲಿ ಕೇಳಿಸುವುದು ಕೂಗು, ಸಿಳ್ಳೆ ಮಾತ್ರ. ನೂರು ಜನ ಕೂಗಿದಾಗ ಒಬ್ಬರ ಪಿಸುಮಾತೂ ದಾಟುವುದಿಲ್ಲ. ಎಐ ಗೈಡ್ ಈ ಅದ್ಭುತವನ್ನು ವಿವರಿಸಬಲ್ಲದು, ಕೇಳಿಸಲಾರದು. ಎಲ್ಲಿ ನಿಂತು ಗೋಡೆಗೆ ಕಿವಿ ಇಡಬೇಕೆಂದು ತೋರಿಸಲು ಸ್ಥಳೀಯ ಗೈಡ್ ಇಂದಿಗೂ ಬೇಕು. ಗ್ಯಾಲರಿಯಲ್ಲಿ ಮೊಬೈಲು ಕಿಸೆ ಸೇರಲಿ. ಅಮ್ಮ ಒಂದು ಬದಿಯಲ್ಲಿ, ಮಗ ಇನ್ನೊಂದು ಬದಿಯಲ್ಲಿ ನಿಂತು ಎರಡು ನಿಮಿಷ ಸುಮ್ಮನಿದ್ದರೆ ಹತ್ತಿದ ಮೆಟ್ಟಿಲು ಸಾರ್ಥಕ.

ಬಾಗಿಲು ತೆರೆದ ಕೂಡಲೇ ಹೋದರೆ ಗದ್ದಲ ಕಡಿಮೆ. ಚಳಿಗಾಲ ಹಿತಕರ. ಮೊಣಕಾಲು ನೋವಿರುವ ಹಿರಿಯರು ಕೆಳಗೇ ಉಳಿದು, ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ನೋಡಬಹುದು. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಗೋಲಗುಮ್ಮಟ ಎಕ್ಸ್‌ಪ್ರೆಸ್ ರೈಲಿದೆ. ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೊರಡುವುದು ಒಳ್ಳೆಯದು. ಮಧ್ಯಾಹ್ನ ಉಳಿದರೆ ಇಬ್ರಾಹಿಂ ರೋಜಾವನ್ನು ತಪ್ಪಿಸಬಾರದು. ಅದು ಇದೇ ಅರಸನ ತಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ. ನಾಜೂಕಿನಲ್ಲಿ ಅಪ್ಪನನ್ನು ಮೀರಿಸಲಾಗದೆ ಮಗ ಗಾತ್ರದಲ್ಲಿ ಮೀರಿಸಿದ ಎನ್ನುವವರಿದ್ದಾರೆ. ಅದು ಹೌದೋ ಅಲ್ಲವೋ, ಎರಡನ್ನೂ ನೋಡಿದ ಮಕ್ಕಳೇ ಹೇಳಲಿ.