ಕಡಲನ್ನು ಮನೆಗೆ ತರುವ ಮುನ್ನ

ಆಸೆ ಯಾವ ವಯಸ್ಸಿನಲ್ಲಿ ಯಾವ ರೂಪ ತಾಳಿ ಬರುವುದೆಂದು ಹೇಳಲಾಗದು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿ, ಮಣಿಪಾಲದ ಮನೆಯಲ್ಲಿ ಸ್ವಾಧ್ಯಾಯಕ್ಕೂ ಮೊಮ್ಮಗಳ ಪಾಠಕ್ಕೂ ದಿನವನ್ನು ಹಂಚಿಕೊಂಡಿದ್ದ ನನಗೆ, ಪಡಸಾಲೆಯಲ್ಲಿ ಕಡಲಿನ ನೀರಿನದೊಂದು ಅಕ್ವೇರಿಯಂ ಇಡಬೇಕು, ಅದರಲ್ಲಿ ಹವಳದ ದಿಬ್ಬವೊಂದನ್ನು ಬೆಳೆಸಬೇಕು ಎಂಬ ಆಸೆ ಹುಟ್ಟಿತು. ಅಣುವ್ರತಗಳನ್ನು ನಂಬಿ ಬಾಳುವ ಗೃಹಸ್ಥನೊಬ್ಬನ ಮನಸ್ಸಿನಲ್ಲಿ ಈ ಆಸೆ ನಾಲ್ಕು ತಿಂಗಳು ಏನೇನು ವ್ಯಾಪಾರ ನಡೆಸಿತೆಂಬುದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೀನು ಸಾಕುವುದು ನನಗೆ ಹೊಸದಲ್ಲ. ಹಿಂದೆ ನಮ್ಮ ಮನೆಯಲ್ಲಿ ಸಿಹಿನೀರಿನ ತೊಟ್ಟಿಯೊಂದಿತ್ತು. ಅದರಲ್ಲಿ ಹನ್ನೊಂದು ಗೋಲ್ಡ್ ಫಿಶ್‌ಗಳಿದ್ದವು. 2015ರ ಜನವರಿಯಲ್ಲಿ ಕಾರ್ಕಳದ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಾಗ ನಾವೆಲ್ಲ ಮೂರು ದಿನ ಕಾರ್ಕಳದ ತಾಯಿಯ ಮನೆಯಲ್ಲಿ ಉಳಿದೆವು. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ, ನಲವತ್ತೆರಡು ಅಡಿ ಎತ್ತರದ ಆ ದಿವ್ಯಮೂರ್ತಿಯ ಮೇಲೆ ಹಾಲು, ಚಂದನಗಳು ಹರಿಯುವುದನ್ನು ಕಣ್ತುಂಬ ಕಂಡು ಮಣಿಪಾಲಕ್ಕೆ ಮರಳಿದಾಗ, ತೊಟ್ಟಿಯ ಗಾಳಿಯ ಪಂಪು ನಿಂತುಹೋಗಿತ್ತು. ಹನ್ನೊಂದು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಹಿಂಸೆಯ ಮೂರ್ತಿಗೆ ಕೈಮುಗಿದು ಬಂದ ಕೈಗಳಿಂದಲೇ ಅವುಗಳನ್ನು ಎತ್ತಿ ತೋಟದಲ್ಲಿ ಹೂಳಿದೆ. ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದೆ. ಅಲ್ಲಿಗೆ ಆ ಮೋಹ ಮುಗಿಯಿತೆಂದು ಭಾವಿಸಿದ್ದೆ.

ಮುಗಿದಿರಲಿಲ್ಲ. ನಿವೃತ್ತಿಯ ಅನಂತರ ಉಡುಪಿಯ ಪರಿಚಿತರೊಬ್ಬರ ಮನೆಗೆ ಹೋದಾಗ ಅವರ ಸಮುದ್ರನೀರಿನ ತೊಟ್ಟಿಯನ್ನು ಕಂಡೆ. ಅವರು ಇಂಜಿನಿಯರರು, ಹತ್ತು ವರ್ಷಗಳಿಂದ ಈ ಹವ್ಯಾಸದಲ್ಲಿ ಇರುವವರು. ಅವರ ಮೂಲಕ ಮಣಿಪಾಲದ ವೈದ್ಯರೊಬ್ಬರ ಪರಿಚಯವಾಯಿತು, ಅನಂತರ ಕಾಪುವಿನ ಮೊಗವೀರ ಯುವಕನೊಬ್ಬನ ಪರಿಚಯವೂ ಆಯಿತು. ಈ ಮೂವರು ನನಗೆ ಗುರುಗಳಾದರು. ತಮಗಾದ ನಷ್ಟವನ್ನೂ ತಮ್ಮಿಂದಾದ ತಪ್ಪನ್ನೂ ಮುಚ್ಚಿಡದೆ ಹೇಳಿದ ಅವರ ಔದಾರ್ಯವನ್ನು ಮೊದಲಿಗೇ ಸ್ಮರಿಸಬೇಕು.

ನಾವು ಯೋಜಿಸಿದ್ದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಅದಕ್ಕೆ ಸುಮಾರು 250 ಲೀಟರು ನೀರು ಬೇಕು. ಕಡಲು ಹತ್ತಿರದಲ್ಲಿಯೇ ಇರುವಾಗ ನೀರಿಗೇನು ಚಿಂತೆ ಎಂದು ನಾನೆಂದೆ. ಇಂಜಿನಿಯರರು ನಕ್ಕರು. ಮಳೆಗಾಲದಲ್ಲಿ ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳು ಕಡಲಿಗೆ ಸುರಿಯುವ ಸಿಹಿನೀರಿನಿಂದ ದಡದ ಉಪ್ಪಿನಂಶ ಇಳಿದುಬಿಡುತ್ತದೆ, ಕೆಸರೂ ಸೇರುತ್ತದೆ. ಆದುದರಿಂದ ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರಲವಣವನ್ನು ಬೆರೆಸಬೇಕು. 250 ಲೀಟರಿಗೆ ಒಂಬತ್ತು ಕಿಲೋ ಹತ್ತಿರ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಪ್ರತಿದಿನ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ನಮ್ಮ ಏಪ್ರಿಲ್ ತಿಂಗಳಿನಲ್ಲಿ ಇದಕ್ಕೆ ಶೀತಕ ಯಂತ್ರವೇ ಬೇಕು. ಜೂನಿನ ಗಾಳಿಮಳೆಗೆ ವಿದ್ಯುತ್ತು ಹೋದರೆ ಅಲೆ ಎಬ್ಬಿಸುವ ಪಂಪಿಗೆ ಬ್ಯಾಟರಿ ಬೇಕು.

ನೀರು ಸಿದ್ಧವಾದರೂ ತೊಟ್ಟಿ ಸಿದ್ಧವಾದಂತಲ್ಲ. ಜೀವಿಗಳ ವಿಸರ್ಜನೆಯಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಸೂಕ್ಷ್ಮಜೀವಿಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಜೀವರಾಶಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸಾರಿದ್ದನ್ನು ಬಾಲ್ಯದಿಂದ ಕಂಠಪಾಠ ಮಾಡಿದ್ದೆ. ಅದರ ಇಷ್ಟು ಪ್ರತ್ಯಕ್ಷ ನಿದರ್ಶನವನ್ನು ನನ್ನ ರಸಾಯನಶಾಸ್ತ್ರವೇ ನನಗೆ ತೋರಿಸಿರಲಿಲ್ಲ. ಆದರೆ ವೈದ್ಯರು ಇನ್ನೊಂದು ಸಂಗತಿಯನ್ನೂ ಹೇಳಿದರು. ಹಿಂದೆ ಹವ್ಯಾಸಿಗಳು ಈ ವಾರಗಳಲ್ಲಿ ಗಟ್ಟಿಜೀವದ ಒಂದೆರಡು ಅಗ್ಗದ ಮೀನುಗಳನ್ನು ತೊಟ್ಟಿಗೆ ಬಿಡುತ್ತಿದ್ದರಂತೆ. ಅವು ಆ ವಿಷದಲ್ಲಿ ಉಳಿದರೆ ನೀರು ಪಕ್ವವಾಯಿತೆಂದು ಅರ್ಥ. ಈಗ ಬಾಟಲಿಯ ಅಮೋನಿಯವನ್ನೇ ಹಾಕಿ ಆ ಪಾಪವನ್ನು ತಪ್ಪಿಸಬಹುದು. "ನಾನೂ ಒಮ್ಮೆ ಹಾಗೆ ಮಾಡಿದ್ದೇನೆ, ಮಾಸ್ಟ್ರೇ. ಆ ಮೀನು ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ" ಎಂದರು.

ಇನ್ನು ಹವಳದ ಮಾತು. ವ್ಯಾಪಾರಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿ, ಜೀವಂತ ಹವಳವನ್ನೂ ಕಡಲಿನಿಂದ ತೆಗೆದ ಕಲ್ಲನ್ನೂ ಮನೆಯ ಬಾಗಿಲಿಗೇ ತಲುಪಿಸುವುದಾಗಿ ಹೇಳಿದನು. ಬೆಲೆಯೂ ನಿಶ್ಚಯವಾಯಿತು. ಇಂಜಿನಿಯರರಿಗೆ ಈ ವಿಷಯ ತಿಳಿಸಿದಾಗ ಅವರು ಗಾಬರಿಯಾದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವೂ, ಕಪ್ಪು ಹವಳವೂ, ಕಡಲ ಬೀಸಣಿಗೆಗಳೂ, ಸಮುದ್ರಕುದುರೆಗಳೂ ಸೇರಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅವುಗಳಿಗಿದೆ. ತಪ್ಪಿದರೆ ಮೂರರಿಂದ ಏಳು ವರ್ಷದ ಸೆರೆವಾಸ. ಸತ್ತ ಹವಳದ ತುಂಡೂ ಕಾನೂನಿನ ದೃಷ್ಟಿಯಲ್ಲಿ ಆ ಪ್ರಾಣಿಯದೇ ಭಾಗ. ಅಂದೇ ಆ ವ್ಯಾಪಾರವನ್ನು ಬಿಟ್ಟೆ. ಆದರೆ ಸೆರೆವಾಸದ ಮಾತು ಕೇಳಿದ ಮೇಲೆಯೇ ಬಿಟ್ಟೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಚೌರ್ಯವೂ ಅಹಿಂಸೆಯೂ ನನ್ನನ್ನು ತಡೆಯಲಿಲ್ಲ, ಭಯ ತಡೆಯಿತು.

ನಮ್ಮ ಆಗಮಗಳಲ್ಲಿ ಹವಳವನ್ನು ರತ್ನಗಳ ಸಾಲಿನಲ್ಲಿ, ಪೃಥ್ವೀಕಾಯದ ಭೇದವೆಂದು ಎಣಿಸಿದ್ದಾರೆ. ಇಂದಿನ ಪ್ರಾಣಿಶಾಸ್ತ್ರ ಅದನ್ನು ಪ್ರಾಣಿಯೆನ್ನುತ್ತದೆ. ಪುಟ್ಟ ಬಾಯಿಯೂ ಅದರ ಸುತ್ತ ಬೆರಳುಗಳೂ ಉಳ್ಳ ಈ ಜೀವಿಗಳು ತಮ್ಮ ಒಡಲಿನಲ್ಲಿ ಪಾಚಿಯನ್ನು ಇರಿಸಿಕೊಂಡು, ಅದು ಬಿಸಿಲಿನಿಂದ ಸಿದ್ಧಪಡಿಸುವ ಆಹಾರವನ್ನು ಹಂಚಿಕೊಂಡು, ಸುಣ್ಣದ ಮನೆಯನ್ನು ಕಟ್ಟುತ್ತವೆ. ನೀರು ಅತಿಯಾಗಿ ಕಾದರೆ ಆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆಯೇ ಅಪಾರವಾಗಿ ಸತ್ತವು. ಎರಡು ಎಣಿಕೆಗಳಲ್ಲಿ ಯಾವುದು ಸರಿಯೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದು ಮಾತಿನಲ್ಲಿ ಎರಡೂ ಕೂಡುತ್ತವೆ: ಅದು ಜಡವಲ್ಲ, ಜೀವ.

ಹವಳವಿಲ್ಲದೆ, ಒಣಕಲ್ಲಿನ ದಿಬ್ಬ ಮಾಡಿ, ಒಂದು ಜೊತೆ ಕ್ಲೌನ್ ಮೀನುಗಳನ್ನು ಮಾತ್ರ ಸಾಕಿರಿ ಎಂದು ವೈದ್ಯರು ಸಲಹೆ ಕೊಟ್ಟರು. ಅವುಗಳನ್ನು ಕಡಲಿನಿಂದ ಹಿಡಿಯಬೇಕಾಗಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅವುಗಳ ಸಂತಾನವನ್ನು ತೊಟ್ಟಿಯಲ್ಲಿಯೇ ಬೆಳೆಸುವ ವಿಧಾನವನ್ನು ಸಾಧಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಶತ್ರುಭಯವಿಲ್ಲ, ಹಸಿವಿಲ್ಲ. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಮನಸ್ಸು ಹಗುರವಾಯಿತು. ನನಗೆ ಕೈಲಾಗದೆ ಹೋದರೆ ಮಹಾವೀರ ಜಯಂತಿಯ ದಿನ ಅವುಗಳನ್ನು ಕಾಪುವಿನ ಕಡಲಿಗೆ ಬಿಟ್ಟುಬಿಟ್ಟರಾಯಿತು, ಅಭಯದಾನದ ಪುಣ್ಯವೂ ಬಂದೀತು ಎಂದೆ. ಮೂವರೂ ಒಂದೇ ದನಿಯಲ್ಲಿ ಬೇಡವೆಂದರು. ತೊಟ್ಟಿಯಲ್ಲಿ ಬೆಳೆದ ಮೀನು ಕಡಲಿನಲ್ಲಿ ಬದುಕಲಾರದು. ಬದುಕಿದರೆ ತನ್ನೊಡನೆ ತಂದ ರೋಗವನ್ನು ಇತರ ಜೀವಿಗಳಿಗೆ ಹಂಚೀತು. ಹವ್ಯಾಸಿಗಳು ಬಿಟ್ಟ ಸಿಂಹಮೀನು 1980ರ ದಶಕದಿಂದ ಅಮೆರಿಕದ ಫ್ಲಾರಿಡ ಕರಾವಳಿಯಲ್ಲಿಯೂ ಮುಂದೆ ಕೆರಿಬಿಯನ್ ಸಮುದ್ರದಲ್ಲಿಯೂ ಹಬ್ಬಿ, ಅಲ್ಲಿನ ಸಣ್ಣ ಮೀನುಗಳನ್ನು ತಿಂದು ತೀರಿಸುತ್ತಿರುವುದು ಇದಕ್ಕೆ ಸಾಕ್ಷಿ. ತೊಟ್ಟಿಗೆ ಬಂದದ್ದು ತೊಟ್ಟಿಯಲ್ಲಿಯೇ ಕೊನೆಗಾಣಬೇಕು ಎಂಬುದು ಬಲ್ಲ ಹವ್ಯಾಸಿಗಳ ಮೊದಲ ನಿಯಮ.

ಆ ವಾರ ಕಾರ್ಕಳಕ್ಕೆ ಹೋಗಿದ್ದೆ. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಇಂದಿಗೂ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಾರೆ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಮೆಲ್ಲನೆ ಅದೇ ಬಾವಿಗೆ ಇಳಿಸುತ್ತಾರೆ. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ನೆಲೆಗೇ ಮರಳಬೇಕಲ್ಲವೆ? ಅಂದು ಅವರ ಪಕ್ಕದಲ್ಲಿ ನಿಂತು ನನ್ನ ಯೋಜನೆಯನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅಮ್ಮ ಬಟ್ಟೆ ಹಿಂಡದೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಎಲ್ಲ ಸರಿ ಮಗಾ, ಅವನ್ನು ತಿರುಗಿ ಎಲ್ಲಿಗೆ ಬಿಡುತ್ತೀ?"

ಎಲ್ಲಿಗೂ ಬಿಡಲಾಗದು ಎಂದೆ. ಅವರು ಮತ್ತೇನೂ ಹೇಳಲಿಲ್ಲ; ನೀರನ್ನು ಬಾವಿಗೆ ಇಳಿಸಿ ಒಳಗೆ ಹೋದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳು ನೆನಪಾದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊಲ್ಲುವ ಮಾತು ಹಾಗಿರಲಿ, ಕಟ್ಟಿಹಾಕುವುದೇ ಮೊದಲನೆಯ ಅತಿಚಾರ. ಗೃಹಸ್ಥನು ಸಂಸಾರ ನಡೆಸುವಲ್ಲಿ ಆರಂಭದ ಹಿಂಸೆ ತಪ್ಪದು, ಉದ್ಯೋಗದ ಹಿಂಸೆಯೂ ಉಂಟು, ತನ್ನವರ ರಕ್ಷಣೆಗಾಗಿ ವಿರೋಧಿ ಹಿಂಸೆಯೂ ಒದಗಬಹುದು. ನನ್ನ ತೊಟ್ಟಿ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ಅಡುಗೆಗೆ ಬೇಕಿಲ್ಲ, ಜೀವನೋಪಾಯಕ್ಕೆ ಬೇಕಿಲ್ಲ. ಆ ಎರಡು ಮೀನುಗಳಿಗೆ ದಿನವೂ ಹಾಕುವ ಆಹಾರದಲ್ಲಿ ಎಷ್ಟು ಸಾವಿರ ಪುಟಾಣಿ ಸೀಗಡಿಗಳು! ಪ್ರಯೋಜನವಿಲ್ಲದ ಪಾಪವನ್ನು ನಮ್ಮ ಆಚಾರ್ಯರು ಅನರ್ಥದಂಡವೆಂದು ಕರೆದರು. ಮಹಾಮತ್ಸ್ಯದ ಕಿವಿಯಲ್ಲಿ ಕುಳಿತು, ಒಂದು ಮೀನನ್ನೂ ತಿನ್ನದೆ, ತಿನ್ನುವ ಎಣಿಕೆಯಿಂದಲೇ ನರಕಕ್ಕೆ ಹೋದ ತಂದುಲಮತ್ಸ್ಯದ ಕಥೆ ಮನೆಮನೆಗೂ ತಿಳಿದಿದೆ. ಒಂದು ಮೀನನ್ನೂ ಕೊಳ್ಳದೆ ನಾಲ್ಕು ತಿಂಗಳು ನಾನು ಮನಸ್ಸಿನಲ್ಲಿ ಎಷ್ಟು ತೊಟ್ಟಿಗಳನ್ನು ತುಂಬಿದ್ದೆ!

ಮರುವಾರ ಕಾಪುವಿನ ಯುವಕ ಫೋನು ಮಾಡಿ, ಬೆಳಗಿನ ಇಳಿತದ ಹೊತ್ತಿಗೆ ದೀಪಸ್ತಂಭದ ಬಳಿಗೆ ಬರಬೇಕೆಂದು ಕರೆದನು. 1901ರಲ್ಲಿ ಕಟ್ಟಿದ ಆ ದೀಪಸ್ತಂಭದ ಅಡಿಯ ಬಂಡೆಗಳ ನಡುವೆ ನೀರು ಇಳಿದು ಸಣ್ಣ ಸಣ್ಣ ಹೊಂಡಗಳಾಗಿದ್ದವು. ಒಂದರ ಮುಂದೆ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕುಳಿತೆವು. ಶಂಖವನ್ನು ಹೊತ್ತು ನಡೆಯುವ ಏಡಿ. ಬೆರಳು ಬಿಚ್ಚಿದ ಕಡಲ ಹೂವು. ಬಂಡೆಯ ಬಣ್ಣವೇ ಮೈಗೆ ಅಂಟಿದ ಕಿರುಮೀನು. "ಇನ್ನು ಎರಡು ಗಂಟೆಯಲ್ಲಿ ಕಡಲೇ ಬಂದು ಈ ನೀರನ್ನು ಬದಲಿಸುತ್ತದೆ, ಮಾಸ್ಟ್ರೇ. ದಿನಕ್ಕೆ ಎರಡು ಸಲ. ಪಂಪಿಲ್ಲ, ಕರೆಂಟಿಲ್ಲ" ಎಂದನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವೆಂದೂ, ಅದು ಮೀನುಗಳು ಮರಿಮಾಡುವ ಕಾಲವೆಂದೂ ಅವನೇ ವಿವರಿಸಿದನು. ಮುನಿಗಳ ಚಾತುರ್ಮಾಸ ನನ್ನ ನೆನಪಿಗೆ ಬಂತು. ಹೊಟ್ಟೆಪಾಡಿಗಾಗಿ ಬಲೆ ಬೀಸುವವನು ಎರಡು ತಿಂಗಳು ತಡೆದುಕೊಳ್ಳುತ್ತಾನೆ; ಹೊಟ್ಟೆ ತುಂಬಿದ ನಾನು ವಿನೋದಕ್ಕಾಗಿ ತಡೆದುಕೊಳ್ಳಲಾರೆನೆ? ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವ ವ್ರತ ತೊಟ್ಟು, ಒಂದೇ ಮೀನು ಐದು ಸಲ ಬಿದ್ದರೂ ಐದು ಸಲವೂ ಬಿಟ್ಟ ಬೆಸ್ತ ಮೃಗಸೇನನ ಕಥೆಯನ್ನು ಅವನಿಗೆ ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದನು.

ತೊಟ್ಟಿಗೆ ಕೊಟ್ಟಿದ್ದ ಮುಂಗಡವನ್ನು ಬಿಟ್ಟುಕೊಟ್ಟೆ. ಗೆಳೆಯರ ಮನೆಗಳಲ್ಲಿ ತೊಟ್ಟಿಗಳು ಈಗಲೂ ಇವೆ. ಅವರ ಮೀನುಗಳು ನನಗಿಂತ ಶ್ರದ್ಧಾವಂತರ ಕೈಯಲ್ಲಿವೆ. ನನ್ನ ನಿಯಮದ ಅಳತೆಗೋಲಿನಿಂದ ಅವರನ್ನು ಅಳೆಯುವುದು ಅನೇಕಾಂತವಾದಿಗೆ ಶೋಭಿಸದು. ತಿಂಗಳಿಗೊಮ್ಮೆ ಇಳಿತದ ವೇಳೆಯನ್ನು ನೋಡಿಕೊಂಡು ನಾವು ನಾಲ್ವರೂ ಕಾಪುವಿನ ಬಂಡೆಗಳ ಬಳಿ ಸೇರುತ್ತೇವೆ. ಮೊಮ್ಮಗಳು ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಾಳೆ, ಚಿತ್ರ ತೆಗೆಯುತ್ತಾಳೆ. ಏನನ್ನೂ ಮುಟ್ಟುವುದಿಲ್ಲ, ಒಂದು ಚಿಪ್ಪನ್ನೂ ಮನೆಗೆ ತರುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಪರ್ವದಿನಗಳಲ್ಲಿ ಅಂಗಡಿಯಿಂದ ಬಣ್ಣದ ಮೀನುಗಳನ್ನು ಕೊಂಡು ಬಸದಿಯ ಕೆರೆಗೋ ಹೊಳೆಗೋ ಬಿಡುವ ಸದುದ್ದೇಶದ ಶ್ರಾವಕರಿದ್ದಾರೆ. ಪರದೇಶದ ಮೀನುಗಳು, ಅದರಲ್ಲಿಯೂ ತೊಟ್ಟಿಯ ಗಾಜನ್ನು ಶುಚಿಗೊಳಿಸಲೆಂದು ಮಾರುವ ಸಕ್ಕರ್ ಮೀನು, ನಮ್ಮ ದೇಶದ ಅನೇಕ ನೀರುಗಳಲ್ಲಿ ಹಬ್ಬಿ ಅಲ್ಲಿನ ಮೀನುಗಳಿಗೆ ಕಂಟಕವಾಗಿವೆ. ಕೊಳ್ಳುವವರಿದ್ದಷ್ಟೂ ಹಿಡಿಯುವವರೂ ಹೆಚ್ಚುತ್ತಾರೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವಾಗ ಸುತ್ತ ಸುಳಿಯುವ ಮೀನುಗಳನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಅವು ಅಲ್ಲಿಯವೇ, ಅವುಗಳಿಗೆ ನಾವು ಮಾಡಬಹುದಾದ ಅಭಯದಾನವೆಂದರೆ ಕೆರೆಯನ್ನು ನಿರ್ಮಲವಾಗಿ ಇರಿಸಿ, ಅವುಗಳನ್ನು ಅವುಗಳ ಪಾಡಿಗೆ ಬಿಡುವುದು.

ಅಟ್ಟದಲ್ಲಿದ್ದ ಹಳೆಯ ತೊಟ್ಟಿಯನ್ನು ಮೊನ್ನೆ ಕೆಳಗಿಳಿಸಿದೆ. ಮೊಮ್ಮಗಳು ಅದರಲ್ಲಿ ಮಣ್ಣು ತುಂಬಿ ತುಳಸಿಯ ಸಸಿಗಳನ್ನು ನೆಟ್ಟಿದ್ದಾಳೆ. ಮಳೆಗಾಲ ಕಳೆದ ಮೇಲೆ ಅವನ್ನು ಅಂಗಳದ ನೆಲಕ್ಕೆ ಇಳಿಸಬೇಕೆಂದಿದ್ದೇವೆ.