ತೂಬಿನ ಅಳತೆ

ಸರಗೂರಿನ ಆ ಮನೆಯಲ್ಲಿ ಮೂರು ದಿನಗಳಿಂದ ಅಪ್ಪ ಮಗನಿಗೆ ಮಾತಿರಲಿಲ್ಲ. ಪಿಯುಸಿ ಓದುವ ಮಗ ತಾನು ಆಡುವ ಕಂಪ್ಯೂಟರ್ ಆಟವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಲು ಹೊರಟಿದ್ದ. ಚಿತ್ರ ಮಾತ್ರ ತಡೆತಡೆದು ಹೋಗುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಹಟ ಹಿಡಿದ. ಮನೆಯಲ್ಲಿದ್ದುದು ಹೊಗೆಸೊಪ್ಪು ಮಾರಿದ ದುಡ್ಡು. ಅದು ಅಕ್ಕನ ಕಾಲೇಜು ಫೀಸಿಗೆ.

ರಜೆಗೆ ಬಂದ ಅಕ್ಕ ಜಗಳಕ್ಕಿಳಿಯಲಿಲ್ಲ. ಕಾಗದ, ಪೆನ್ಸಿಲು ಹಿಡಿದಳು. ಒಂದು ಚಿತ್ರಕ್ಕೆ 1920 × 1080, ಎಂದರೆ ಸುಮಾರು 20 ಲಕ್ಷ ಚುಕ್ಕೆಗಳು. ಚುಕ್ಕೆಗೆ 24 ಬಿಟ್. ಸೆಕೆಂಡಿಗೆ 30 ಚಿತ್ರ. ಒಟ್ಟು ಸುಮಾರು 1,500 ಮೆಗಾಬಿಟ್! ಓಬಿಎಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಇದನ್ನು ನಾಲ್ಕೈದು ಮೆಗಾಬಿಟ್‌ಗೆ ಕುಗ್ಗಿಸುತ್ತದೆ. ಅಷ್ಟಾದರೂ ಮನೆಯಿಂದ ಹೊರಹೋಗಬೇಕಲ್ಲ?

ಅಳೆದು ನೋಡಿದರು. ಇಂಟರ್ನೆಟ್ ಒಳಬರುವ ವೇಗ ಬೇಕಾದಷ್ಟಿತ್ತು. ಹೊರಹೋಗುವುದು ಎರಡೇ ಮೆಗಾಬಿಟ್.

"ಕಬಿನಿ ತುಂಬಿದ್ರೇನಪ್ಪಾ, ತೂಬು ಕಿರಿದಾದ್ರೆ ಗದ್ದೆಗೆ ನೀರೆಷ್ಟು ಬಂದಾತು?" ಎಂದಳು ಅಕ್ಕ. ಅಪ್ಪ ತಲೆದೂಗಿದರು.

ಕಾರ್ಡಿನ ಮಾತು ಅಲ್ಲಿಗೇ ನಿಂತಿತು. ವೈಫೈ ಬಿಟ್ಟು ತಂತಿ ಜೋಡಿಸಿದರು. ಚಿತ್ರವನ್ನು 1280 × 720ಕ್ಕೆ ಇಳಿಸಿ, ಕಳುಹಿಸುವ ಪ್ರಮಾಣವನ್ನು ಒಂದೂವರೆ ಮೆಗಾಬಿಟ್‌ಗೆ ಮಿತಿಗೊಳಿಸಿದರು. ಮನೆ ಮಂದಿ ತಮ್ಮ ಮೊಬೈಲುಗಳನ್ನು ಕೊಂಚ ಹೊತ್ತು ಬದಿಗಿಟ್ಟರು. ಆ ಸಂಜೆ ಚಿತ್ರ ತುಸು ಮಸುಕಾಗಿತ್ತು, ಆದರೆ ತಡೆಯಲಿಲ್ಲ. ನೋಡಿದವರು ಐವರು, ಅವರಲ್ಲಿ ಮೂವರು ನೆಂಟರೇ.

ಫೀಸಿನ ದುಡ್ಡು ಬೀರುವಿನಲ್ಲೇ ಉಳಿಯಿತು. ಬಾಗಿಲ ಬಳಿ ನಿಂತಿದ್ದ ಅಪ್ಪ ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕುಳಿತು ಕೇಳಿದರು:

"ಇದ್ರಲ್ಲಿ ಗೆಲ್ಲೋದು ಹೆಂಗ್ಲಾ ಮಗಾ?"